ಬೆಳಕೂ ಬಿಸಿಲೂ: ಒಂದು ಆಟ, ಅದರ ಅನುಕರಣೆ ಮತ್ತು ಮನೆಯಲ್ಲಿ ಮಾಡಿದ ಸಂವೇದಕ

ದೇವನಕೊಂಡದ ಅಂಗಳಗಳಲ್ಲಿ ಶೇಂಗಾವನ್ನು ಬಿಸಿಲಿಗೆ ಹಾಕುತ್ತಾರೆ, ಬೆಳಕಿಗೆ ಹಾಕುವುದಿಲ್ಲ. ರಾತ್ರಿ ಓದುವವರು ದೀಪದ ಬೆಳಕಿನಲ್ಲಿ ಓದುತ್ತಾರೆ. ದೀಪದ ಬಿಸಿಲಿನಲ್ಲಿ ಎಂದು ಯಾರೂ ಹೇಳುವುದಿಲ್ಲ. ಬೆಳಕು ಎಂಬ ಮಾತು ಬೆಳ್ಳಿ, ಬೆಳ್ದಿಂಗಳುಗಳ ಕುಲಕ್ಕೆ ಸೇರಿದ್ದು. ಅದು ಕಣ್ಣಿಗೆ ಸಂಬಂಧಿಸಿದುದು. ಬಿಸಿಲು ಎಂಬ ಮಾತು ಬಿಸಿಯ ಕುಲಕ್ಕೆ ಸೇರಿದ್ದು. ಅದು ಮೈಗೆ ಸಂಬಂಧಿಸಿದುದು. ಈ ಸೀಮೆಯಲ್ಲಿ ಕನ್ನಡದ ಮಗ್ಗುಲಲ್ಲೇ ತೆಲುಗು ಇದೆ; ನೆರೆಯ ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ತೆಲುಗಿನಲ್ಲಿಯೂ ‘ಎಂಡ’ ಬೇರೆ, ‘ವೆಲುತುರು’ ಬೇರೆ. ಮರಾಠಿಯವರು ‘ಊನ್’ ಮತ್ತು ‘ಉಜೇಡ್’ ಎಂದು ಇದೇ ಭೇದವನ್ನು ಕಾಯ್ದುಕೊಂಡಿದ್ದಾರೆ.

ಇಷ್ಟು ಸಹಜವಾದ ಈ ಭೇದವನ್ನು ಯಂತ್ರವೊಂದಕ್ಕೆ ಕಲಿಸಬೇಕಾಗಿ ಬಂದರೆ ಏನಾಗುತ್ತದೆ? ಜಪಾನಿನ ಒಂದು ವಿಡಿಯೋ ಆಟ ಈ ಪ್ರಶ್ನೆಯನ್ನು ಎತ್ತಿತು. ಆ ಆಟವನ್ನು ಇಂದಿನ ಗಣಕದಲ್ಲಿ ಮತ್ತೆ ಆಡಲು ಹೊರಟವರು, ಕೆಲವು ರೂಪಾಯಿಗಳ ಬಿಡಿಭಾಗಗಳಿಂದ ಬೆಳಕಿನ ಸಂವೇದಕವನ್ನು ತಾವೇ ಮಾಡಿಕೊಂಡು, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಎದುರಿಸುತ್ತಾರೆ. ಪಠ್ಯ, ಅನುವಾದ, ಪಠ್ಯಸಂರಕ್ಷಣೆಗಳನ್ನು ಕುರಿತು ಓದುವ ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಈ ಪ್ರಸಂಗದಲ್ಲಿ ಪರಿಚಿತವಾದ ಅನೇಕ ಸಮಸ್ಯೆಗಳು ಹೊಸ ವೇಷದಲ್ಲಿ ಕಾಣಿಸುತ್ತವೆ.

ನಮ್ಮ ಸೂರ್ಯ

2001ರಲ್ಲಿ ನಿಂಟೆಂಡೊ ಸಂಸ್ಥೆ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಅಂಗೈಯಗಲದ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಪ್ರತಿಯೊಂದು ಆಟವೂ ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆಯಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ, ಬರುತ್ತಿತ್ತು. ಅದನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಿದರೆ ಆಟ ಪ್ರಾರಂಭವಾಗುತ್ತಿತ್ತು. ಈ ಯಂತ್ರಕ್ಕಾಗಿ 2003ರ ಜುಲೈ ತಿಂಗಳಲ್ಲಿ ಕೊನಾಮಿ ಸಂಸ್ಥೆ ಜಪಾನಿನಲ್ಲಿ ‘ಬೊಕುರಾ ನೊ ತಾಯ್ಯೋ’ ಎಂಬ ಆಟವನ್ನು ಹೊರತಂದಿತು. ಹೆಸರಿನ ಅರ್ಥ ‘ನಮ್ಮ ಸೂರ್ಯ’. ಅದೇ ವರ್ಷ ಅಮೆರಿಕದಲ್ಲಿ ಅದು ‘ಬೊಕ್ತಾಯ್’ ಎಂಬ ಹ್ರಸ್ವರೂಪದಲ್ಲಿ ಪ್ರಕಟವಾಯಿತು. ಅದರ ಹಿಂದಿದ್ದ ನಿರ್ಮಾಪಕ ಹಿದೆಯೊ ಕೊಜಿಮಾ.

ಕಥೆ ಸರಳವಾದುದು. ಜಾಂಗೊ ಎಂಬ ಹುಡುಗ ರಕ್ತಪಿಶಾಚಿಗಳನ್ನು ಬೇಟೆಯಾಡುತ್ತಾನೆ. ಅವನ ಕೈಯಲ್ಲಿರುವ ಆಯುಧ ಗುಂಡು ಹಾರಿಸುವುದಿಲ್ಲ; ಸೂರ್ಯನ ಶಕ್ತಿಯನ್ನು ಹಾರಿಸುತ್ತದೆ. ಸೋತ ಪಿಶಾಚಿಯನ್ನು ಶವಪೆಟ್ಟಿಗೆಯಲ್ಲಿ ಮುಚ್ಚಿ, ನೆಲಮಾಳಿಗೆಯಿಂದ ಬಯಲಿಗೆ ಎಳೆದು ತಂದು, ಬಿಸಿಲಿನಿಂದಲೇ ಅದನ್ನು ಶುದ್ಧೀಕರಿಸಬೇಕು. ಇಲ್ಲಿಯವರೆಗೆ ಇದು ಎಲ್ಲ ಆಟಗಳಂಥದೇ. ಬೇರೆಯಾದುದು ಒಂದೇ ಸಂಗತಿ: ಆ ಬಿಸಿಲು ಪರದೆಯೊಳಗಿನ ಚಿತ್ರವಲ್ಲ. ಕಾರ್ಟ್ರಿಜ್‌ನಲ್ಲಿಯೇ ಒಂದು ಸಂವೇದಕವಿದ್ದು, ಅದು ಆಟಗಾರನ ಸುತ್ತಲಿನ ನಿಜವಾದ ಬಿಸಿಲನ್ನು ಅಳೆಯುತ್ತಿತ್ತು. ಹೊರಗೆ ಬಿಸಿಲಿದ್ದರೆ ಜಾಂಗೊವಿನ ಆಯುಧಕ್ಕೆ ಶಕ್ತಿ ತುಂಬುತ್ತಿತ್ತು. ಮೋಡ ಮುಸುಕಿದರೆ, ರಾತ್ರಿಯಾದರೆ, ಕೂಡಿಟ್ಟ ಶಕ್ತಿಯಲ್ಲಿಯೇ ಅವನು ಕಾಲ ತಳ್ಳಬೇಕು. ವೈರಿಗಳ ಕಣ್ಣು ತಪ್ಪಿಸಿ ನಡೆಯಬೇಕು. ಆಟದಲ್ಲಿ ಮುಂದುವರಿಯಬೇಕಾದರೆ ಮನೆಯೊಳಗಿನ ಮಗು ಎದ್ದು ಹೊರಗೆ ಹೋಗಬೇಕಾಗಿತ್ತು.

ಯಂತ್ರವೂ ಇದಕ್ಕೆ ಒಗ್ಗಿದಂತಿತ್ತು. ಗೇಮ್ ಬಾಯ್ ಅಡ್ವಾನ್ಸ್‌ನ ಮೊದಲ ಮಾದರಿಯ ಪರದೆಗೆ ಸ್ವಂತ ದೀಪವಿರಲಿಲ್ಲ. ಕತ್ತಲೆಯಲ್ಲಿ ಏನೂ ಕಾಣದ ಆ ಪರದೆ ಬಯಲಿನಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಪಠ್ಯ, ಅದನ್ನು ಹೊತ್ತ ವಸ್ತು, ಅದನ್ನು ಓದುವ ಜಾಗ, ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಕಾರ್ಟ್ರಿಜ್ ಸೂರ್ಯನನ್ನು ಕಂಡ ಬಗೆ

ಯಂತ್ರಕ್ಕೆ ಬಿಸಿಲು ಎಂದರೆ ಒಂದು ಸಂಖ್ಯೆ. ಆ ಸಂಖ್ಯೆ ಹುಟ್ಟುವ ಕ್ರಮ ಹೀಗಿದೆ. ಕಾರ್ಟ್ರಿಜ್‌ನೊಳಗೆ ಒಂದು ಫೋಟೋಡಯೋಡ್ ಇದೆ. ಅದರ ಮೇಲೆ ಬೆಳಕು ಬಿದ್ದಷ್ಟೂ ಅದರಿಂದ ಹೊರಡುವ ವಿದ್ಯುತ್ತಿನ ಸಂಕೇತ ಬದಲಾಗುತ್ತದೆ. ಪಕ್ಕದಲ್ಲಿ ಒಂದು ಎಣಿಕೆಯ ಚಿಪ್ ಇದೆ. ಅದು ಸೊನ್ನೆಯಿಂದ ಒಂದೊಂದಾಗಿ ಎಣಿಸುತ್ತ ಹೋದಂತೆ, ಆ ಎಣಿಕೆಗೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ವೋಲ್ಟೇಜ್ ಹುಟ್ಟುತ್ತದೆ. ಏರುತ್ತಿರುವ ಈ ವೋಲ್ಟೇಜನ್ನು ಫೋಟೋಡಯೋಡಿನ ಸಂಕೇತದೊಡನೆ ಹೋಲಿಸಲಾಗುತ್ತದೆ. ಎರಡೂ ಸಂಧಿಸಿದ ಕ್ಷಣದಲ್ಲಿ ಎಣಿಕೆ ಎಷ್ಟಾಗಿತ್ತೋ ಅದೇ ಬೆಳಕಿನ ಅಳತೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ಕತ್ತಲೆ ಹೆಚ್ಚಿದಷ್ಟೂ ಸಂಖ್ಯೆ ಹೆಚ್ಚುತ್ತದೆ. ಬಿಸಿಲು ಏರಿದಷ್ಟೂ ಸಂಖ್ಯೆ ಇಳಿಯುತ್ತದೆ. ಕಾರ್ಟ್ರಿಜ್ಜನ್ನು ಪರೀಕ್ಷಿಸಿ ಅಳೆದವರ ತಾಂತ್ರಿಕ ದಾಖಲೆಯಂತೆ, ಪೂರ್ಣ ಕತ್ತಲೆಯಲ್ಲಿ ಅದು ಕೊಡುವ ಸಂಖ್ಯೆ 232. 100 ವಾಟ್‌ನ ಬಲ್ಬನ್ನು ಹತ್ತಿರ ಹಿಡಿದರೂ ಅದು 208ರಿಂದ 223ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೆ ಆಟದ ಪರದೆಯ ಮೇಲಿರುವ ಸೂರ್ಯಮಾಪಕ ಪೂರ್ತಿ ತುಂಬಬೇಕಾದರೆ ಸಂಖ್ಯೆ 80ರಿಂದ 95ರವರೆಗಿನ ಮಟ್ಟಕ್ಕೆ ಇಳಿಯಬೇಕು. ಅಂದರೆ ಓದಲು ಸಾಕಷ್ಟು ಬೆಳಕು ಕೊಡುವ ಬಲ್ಬ್ ಈ ಕಾರ್ಟ್ರಿಜ್‌ನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಕತ್ತಲೆಯೇ. ಬೆಳಕು ಬೇರೆ, ಬಿಸಿಲು ಬೇರೆ ಎಂಬ ವಿವೇಕವನ್ನು ಅದನ್ನು ರೂಪಿಸಿದವರು ಸಂಖ್ಯೆಗಳಲ್ಲಿ ಬರೆದಿಟ್ಟಿದ್ದರು.

ಚಿತ್ರದ ಕುದುರೆ

ಹಳೆಯ ಯಂತ್ರಗಳು ಕೆಡುತ್ತವೆ, ಕಾರ್ಟ್ರಿಜ್‌ಗಳು ಸವೆಯುತ್ತವೆ. ಆದ್ದರಿಂದ ಹಳೆಯ ಆಟಗಳನ್ನು ಉಳಿಸಿಕೊಳ್ಳಲು ಎಮ್ಯುಲೇಟರ್ ಎಂಬ ತಂತ್ರಾಂಶಗಳು ಹುಟ್ಟಿದವು. ಎಮ್ಯುಲೇಟರ್ ಎಂದರೆ ಒಂದು ಯಂತ್ರದ ನಡವಳಿಕೆಯನ್ನು ಮತ್ತೊಂದು ಯಂತ್ರದಲ್ಲಿ ಅನುಕರಿಸುವ ತಂತ್ರಾಂಶ. ಸ್ವಂತ ಕಾರ್ಟ್ರಿಜ್‌ನಿಂದ ಆಟದ ಪ್ರತಿಯನ್ನು ತೆಗೆದು ಎಮ್ಯುಲೇಟರಿನಲ್ಲಿ ತೆರೆದರೆ, ತಾನು ಲ್ಯಾಪ್‌ಟಾಪಿನೊಳಗಿದ್ದೇನೆ ಎಂಬ ಅರಿವೇ ಇಲ್ಲದಂತೆ ಆ ಆಟ ನಡೆಯುತ್ತದೆ.

ಅನುಕರಣೆ ಎಂಬ ಮಾತು ಕಾವ್ಯಮೀಮಾಂಸೆಯನ್ನು ಓದಿದವರಿಗೆ ಶ್ರೀಶಂಕುಕನನ್ನು ನೆನಪಿಸದೆ ಇರದು. ನಟನು ರಾಮನನ್ನು ಅನುಕರಿಸುವಾಗ ಪ್ರೇಕ್ಷಕನಿಗೆ ಆಗುವ ಪ್ರತೀತಿ ಯಾವ ಬಗೆಯದು ಎಂಬುದನ್ನು ವಿವರಿಸಲು ಶಂಕುಕನು ಚಿತ್ರತುರಗದ ದೃಷ್ಟಾಂತವನ್ನು ತಂದನು. ಚಿತ್ರದ ಕುದುರೆಯನ್ನು ಕಂಡಾಗ ಇದು ನಿಜವಾದ ಕುದುರೆ ಎಂಬ ಜ್ಞಾನವೂ ಇಲ್ಲ, ಇದು ಸುಳ್ಳು ಎಂಬ ಜ್ಞಾನವೂ ಇಲ್ಲ. ಹೌದೋ ಅಲ್ಲವೋ ಎಂಬ ಸಂಶಯವೂ ಇಲ್ಲ, ಕುದುರೆಯಂತಿದೆ ಎಂಬ ಸಾದೃಶ್ಯಬುದ್ಧಿಯೂ ಇಲ್ಲ. ಆದರೂ ‘ಕುದುರೆ’ ಎನ್ನುತ್ತೇವೆ. ಅಭಿನವಗುಪ್ತನು ಈ ಅನುಕರಣವಾದವನ್ನು ಒಪ್ಪಲಿಲ್ಲ. ಆದರೆ ಎಮ್ಯುಲೇಟರಿನ ಮುಂದೆ ಕುಳಿತ ಆಟಗಾರನ ಸ್ಥಿತಿಯನ್ನು ವರ್ಣಿಸಲು ಈ ದೃಷ್ಟಾಂತ ಚೆನ್ನಾಗಿ ಒದಗುತ್ತದೆ. ಅವನು ಗೇಮ್ ಬಾಯ್ ಹಿಡಿದಿಲ್ಲ. ಆದರೂ ಗೇಮ್ ಬಾಯ್‌ನ ಆಟವನ್ನೇ ಆಡುತ್ತಿದ್ದಾನೆ.

ಗುಂಡಿಗಳಿಗೆ ಕೀಲಿಮಣೆ ಒದಗುತ್ತದೆ. ಪರದೆಗೆ ಪರದೆ ಒದಗುತ್ತದೆ. ಗಡಿಯಾರಕ್ಕೆ ಗಣಕದ ಗಡಿಯಾರ ಒದಗುತ್ತದೆ. ಸೂರ್ಯನಿಗೆ ಏನು ಒದಗಬೇಕು? ಗೇಮ್ ಬಾಯ್ ಅಡ್ವಾನ್ಸ್‌ನ ಎಮ್ಯುಲೇಟರುಗಳಲ್ಲಿ ಹೆಸರಾದ ಎಂ-ಜಿಬಿಎ ಇದಕ್ಕೆ ಪ್ರಾಯೋಗಿಕವಾದ ಒಂದು ಉತ್ತರ ಕೊಟ್ಟಿದೆ. ಕತ್ತಲೆಯಿಂದ ಕಡುಬಿಸಿಲಿನವರೆಗೆ, ಸೊನ್ನೆಯಿಂದ ಹತ್ತರವರೆಗೆ, ಮೆಟ್ಟಿಲುಗಳನ್ನು ಕಲ್ಪಿಸಿ, ಒಂದು ಆಜ್ಞೆಯಿಂದ ಬಿಸಿಲನ್ನು ಏರಿಸಲು, ಇನ್ನೊಂದರಿಂದ ಇಳಿಸಲು ಅದು ಅವಕಾಶ ಮಾಡಿದೆ. ಮಧ್ಯರಾತ್ರಿಯಲ್ಲಿ ಕೀಲಿಯೊಂದನ್ನು ಹತ್ತು ಸಲ ಒತ್ತಿದರೆ ಜಾಂಗೊವಿಗೆ ನಡುಹಗಲು.

ಆಟ ಹೀಗೆ ಉಳಿಯಿತು. ಅದರ ಒಂದಕ್ಷರವೂ ನಷ್ಟವಾಗಲಿಲ್ಲ. ಆದರೂ ಏನೋ ಹೋಯಿತು. ಬೀಸುವ ಕಲ್ಲಿನ ಪದಗಳನ್ನು ಸಂಗ್ರಹಿಸಿ ಅಚ್ಚುಮಾಡಿದ ಪುಸ್ತಕವನ್ನು ನೆನೆದರೆ ಆ ನಷ್ಟ ಯಾವುದೆಂಬುದು ಸ್ಪಷ್ಟವಾಗುತ್ತದೆ. ಪುಸ್ತಕದಲ್ಲಿ ಪದಗಳೆಲ್ಲ ಇವೆ. ಆದರೆ ಕಲ್ಲಿನ ಸುತ್ತು ಇಲ್ಲ, ತೋಳಿನ ದಣಿವಿಲ್ಲ, ನಸುಕಿನ ಹೊತ್ತಿಲ್ಲ. ಸಾಲು ಅಷ್ಟೇ ಉದ್ದಕ್ಕೆ ಏಕೆ ನಿಲ್ಲುತ್ತದೆ ಎಂಬುದನ್ನು ಕಲ್ಲಿನ ಸುತ್ತನ್ನು ಬಲ್ಲವರು ಮಾತ್ರ ಹೇಳಬಲ್ಲರು. ಬೊಕ್ತಾಯ್‌ನಲ್ಲಿ ಬಿಸಿಲು ಇರುವುದು ಬೀಸುವ ಪದದಲ್ಲಿ ಕಲ್ಲು ಇರುವಂತೆ: ಪಠ್ಯದ ಹೊರಗೆ ಇದ್ದು ಪಠ್ಯವನ್ನು ನಡೆಸುವ ವಸ್ತು. ಹೊರಗೆ ಹೋಗುವ ಶ್ರಮ, ಮೋಡ ಸರಿಯುವವರೆಗೆ ಕಾಯುವ ತಾಳ್ಮೆ, ಸಂಜೆಯಾಗುವ ಮುನ್ನ ಮುಗಿಸಬೇಕೆಂಬ ತವಕ, ಇವೆಲ್ಲ ಆಟದ ಭಾಗವೇ ಆಗಿದ್ದವು. ಒಂದು ಕೀಲಿ ಅವುಗಳನ್ನೆಲ್ಲ ಅಳಿಸಿತು.

ಮನೆಯಲ್ಲಿ ಮಾಡುವ ಸಂವೇದಕ

ಕಳೆದುಹೋದುದನ್ನು ಸ್ವಲ್ಪಮಟ್ಟಿಗಾದರೂ ಮರಳಿ ತರಲು ನಿಜವಾದ ಬಿಸಿಲನ್ನು ಎಮ್ಯುಲೇಟರಿಗೆ ಜೋಡಿಸುವ ಉಪಾಯವಿದೆ. ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ: ಒಂದು ಎಲ್‌ಡಿಆರ್, ಒಂದು ಸಾಮಾನ್ಯ ರೆಸಿಸ್ಟರ್, ಒಂದು ಆರ್ಡುಯಿನೊ ಬೋರ್ಡ್, ಕೆಲವು ತಂತಿಗಳು.

ಎಲ್‌ಡಿಆರ್ ಎಂಬುದು ಬೆಳಕು ಹೆಚ್ಚಿದಂತೆ ತನ್ನ ವಿದ್ಯುತ್ ರೋಧವನ್ನು ಕಡಿಮೆ ಮಾಡಿಕೊಳ್ಳುವ ಪುಟ್ಟ ಬಿಲ್ಲೆ. ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪಗಳಲ್ಲಿ ಇಂಥದನ್ನು ಬಳಸುತ್ತಾರೆ. ಬೋರ್ಡಿನ 5 ವೋಲ್ಟ್ ತುದಿಯಿಂದ ಎಲ್‌ಡಿಆರ್‌ಗೆ, ಎಲ್‌ಡಿಆರ್‌ನಿಂದ ರೆಸಿಸ್ಟರಿಗೆ, ರೆಸಿಸ್ಟರಿನಿಂದ ಗ್ರೌಂಡಿಗೆ ಸಾಲಾಗಿ ಜೋಡಿಸಬೇಕು. ಎಲ್‌ಡಿಆರ್ ಮತ್ತು ರೆಸಿಸ್ಟರ್ ಕೂಡುವ ಬಿಂದುವಿನಿಂದ ಒಂದು ತಂತಿಯನ್ನು ಬೋರ್ಡಿನ ಅನಲಾಗ್ ತುದಿಗೆ ತರಬೇಕು. ಆ ಬಿಂದುವಿನ ವೋಲ್ಟೇಜು ಬೆಳಕಿನೊಡನೆ ಏರಿಳಿಯುತ್ತದೆ. ಬೋರ್ಡು ಅದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ.

ಇಲ್ಲಿಯವರೆಗಿನ ಕೆಲಸಕ್ಕೆ ಅರ್ಧ ಗಂಟೆ ಸಾಕು. ಮುಖ್ಯವಾದ ನಿರ್ಧಾರ ಇರುವುದು ಆ ಸಾಮಾನ್ಯ ರೆಸಿಸ್ಟರಿನ ಆಯ್ಕೆಯಲ್ಲಿ. ಪಾಠದ ಪುಸ್ತಕಗಳು ಬಹುಮಟ್ಟಿಗೆ 10,000 ಓಮ್‌ನ ರೆಸಿಸ್ಟರನ್ನು ಸೂಚಿಸುತ್ತವೆ. ಉದಾಹರಣೆಗೆ, ಒಂದು ಎಲ್‌ಡಿಆರ್‌ನ ರೋಧ ಪ್ರಖರವಾದ ದೀಪದ ಕೆಳಗೆ 1,000 ಓಮ್, ನಡುಹಗಲ ಬಿಸಿಲಿನಲ್ಲಿ 100 ಓಮ್ ಎಂದು ಇಟ್ಟುಕೊಳ್ಳೋಣ. 10,000 ಓಮ್‌ನ ರೆಸಿಸ್ಟರಿನೊಡನೆ ದೀಪಕ್ಕೆ ಬರುವ ಸಂಖ್ಯೆ ಸುಮಾರು 930. ಬಿಸಿಲಿಗೆ ಬರುವುದು ಸುಮಾರು 1013. ಅಳತೆಗೋಲಿನ ಬಹುಪಾಲು ದೀಪದ ಬೆಳಕಿನಲ್ಲಿಯೇ ಮುಗಿದುಹೋಯಿತು. ದೀಪಕ್ಕೂ ಸೂರ್ಯನಿಗೂ ನಡುವೆ ಉಳಿದದ್ದು 83 ಅಂಕಗಳು ಮಾತ್ರ. ಅದೇ ಜಾಗದಲ್ಲಿ 220 ಓಮ್‌ನ ರೆಸಿಸ್ಟರನ್ನು ಹಾಕಿದರೆ ದೀಪಕ್ಕೆ ಸುಮಾರು 184, ಬಿಸಿಲಿಗೆ ಸುಮಾರು 703 ಬರುತ್ತದೆ. ಈಗ ಎರಡರ ನಡುವೆ 500ಕ್ಕೂ ಮಿಕ್ಕಿದ ಅಂತರವಿದೆ. ಎಳೆಬಿಸಿಲು, ಹೂಬಿಸಿಲು, ಸುಡುಬಿಸಿಲು ಎಂದು ಕನ್ನಡ ಹೆಸರಿಟ್ಟ ಛಾಯೆಗಳೆಲ್ಲ ಆ ಅಂತರದಲ್ಲಿ ಹಿಡಿಸುತ್ತವೆ. ಮೊದಲನೆಯ ಜೋಡಣೆ ಬೆಳಕನ್ನು ಅಳೆಯುತ್ತದೆ. ಎರಡನೆಯದು ಬಿಸಿಲನ್ನು ಅಳೆಯುತ್ತದೆ. ಭೇದ ಮಾಡಿದ್ದು ಒಂದು ರೆಸಿಸ್ಟರು.

ಮುಂದಿನ ಹೆಜ್ಜೆ ಬೋರ್ಡಿನ ಸಂಖ್ಯೆಯನ್ನು ಎಮ್ಯುಲೇಟರಿನ ಮೆಟ್ಟಿಲುಗಳಿಗೆ ಹೊಂದಿಸುವುದು. ‘ಲಿಯೊನಾರ್ಡೊ’ ಎಂಬ ಆರ್ಡುಯಿನೊ ಮಾದರಿಗೆ ಒಂದು ಅನುಕೂಲವಿದೆ: ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಅದು ತನ್ನನ್ನು ಕೀಲಿಮಣೆಯೆಂದು ಪರಿಚಯಿಸಿಕೊಳ್ಳಬಲ್ಲದು. ಎಂ-ಜಿಬಿಎಯಲ್ಲಿ ಬಿಸಿಲನ್ನು ಏರಿಸಲು, ಇಳಿಸಲು, ಪೂರ್ಣ ಕತ್ತಲೆಗೆ ತರಲು ಮೂರು ಕೀಲಿಗಳನ್ನು ನಿಗದಿಪಡಿಸಿದರೆ, ಬೋರ್ಡು ಆ ಕೀಲಿಗಳನ್ನು ತಾನೇ ‘ಒತ್ತುತ್ತದೆ’. ಅದೃಶ್ಯವಾದ ಒಂದು ಬೆರಳನ್ನು ಸೂರ್ಯನ ಕೈಗೆ ಕೊಟ್ಟಂತೆ.

ಇಲ್ಲಿ ಎರಡು ತೊಡಕುಗಳಿವೆ. ಬೋರ್ಡು ಕೀಲಿ ಒತ್ತಬಲ್ಲದು, ಆದರೆ ಎಮ್ಯುಲೇಟರು ಈಗ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಕಾಣಲಾರದು. ಆದ್ದರಿಂದ ಪ್ರಾರಂಭದಲ್ಲಿ ಒಮ್ಮೆ ಪೂರ್ಣ ಕತ್ತಲೆಯ ಕೀಲಿಯನ್ನು ಒತ್ತಿ, ಸೊನ್ನೆಯಿಂದ ಲೆಕ್ಕ ಇಟ್ಟುಕೊಂಡು ಹೋಗಬೇಕು. ಎರಡನೆಯದು, ಒಂದು ಹಕ್ಕಿಯ ನೆರಳು ಹಾದರೂ ಅಳತೆ ಕುಸಿಯುತ್ತದೆ. ಹೀಗಾಗಿ ಹಲವು ಅಳತೆಗಳ ಸರಾಸರಿಯನ್ನು ತೆಗೆದು, ಹೊಸ ಮಟ್ಟ ಒಂದೆರಡು ಕ್ಷಣ ನಿಂತರೆ ಮಾತ್ರ ಕೀಲಿ ಒತ್ತುವಂತೆ ಬೋರ್ಡಿಗೆ ಹೇಳಬೇಕು. ಹಕ್ಕಿಯ ನೆರಳಿಗೂ ಮೋಡದ ನೆರಳಿಗೂ ಇರುವ ವ್ಯತ್ಯಾಸವನ್ನು ಕಾಲದ ಅಳತೆಯಿಂದ ತಿಳಿಸಿಕೊಟ್ಟಂತಾಗುತ್ತದೆ.

ಹತ್ತನೆಯ ಮೆಟ್ಟಿಲು ಎಲ್ಲಿದೆ?

ಸಂವೇದಕ ಸಿದ್ಧವಾದ ಮೇಲೆ ಅದಕ್ಕೆ ಊರಿನ ಬಿಸಿಲನ್ನು ಪರಿಚಯಿಸಬೇಕು. ಕೋಣೆಯೊಳಗೆ, ಪಡಸಾಲೆಯಲ್ಲಿ, ಬೇವಿನ ಮರದ ಕೆಳಗೆ, ಬಯಲಿನಲ್ಲಿ, ಬೆಳಗ್ಗೆಯಿಂದ ಸಂಜೆಯವರೆಗೆ ಅಳತೆಗಳನ್ನು ಬರೆದಿಟ್ಟುಕೊಂಡು, ಯಾವ ಸಂಖ್ಯೆಗೆ ಯಾವ ಮೆಟ್ಟಿಲು ಎಂಬುದನ್ನು ನಿರ್ಧರಿಸಬೇಕು. ದೀಪದ ಬೆಳಕಿನ ಸಂಖ್ಯೆಗಳೆಲ್ಲ ಸೊನ್ನೆಯ ಮೆಟ್ಟಿಲಿಗೆ ಹೋಗಬೇಕೆಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಹತ್ತನೆಯ ಮೆಟ್ಟಿಲಿನದು.

ದೇವನಕೊಂಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಎರಡನೆಯ ವಾರದಲ್ಲೊಮ್ಮೆ, ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಟ ಹುಟ್ಟಿದ ಟೋಕಿಯೊ ನಗರ 35 ಡಿಗ್ರಿಗಿಂತಲೂ ಉತ್ತರದಲ್ಲಿದೆ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಮೇ ತಿಂಗಳ ದೇವನಕೊಂಡವನ್ನು ಹತ್ತನೆಯ ಮೆಟ್ಟಿಲೆಂದು ನಿಶ್ಚಯಿಸಿದರೆ, ಡಿಸೆಂಬರಿನ ಹಿತವಾದ ಬಿಸಿಲು ಆ ಮೆಟ್ಟಿಲನ್ನು ಮುಟ್ಟಲಾರದು. ಡಿಸೆಂಬರಿನ ಬಿಸಿಲಿಗೇ ಹತ್ತನ್ನು ಕೊಟ್ಟರೆ, ಬೇಸಗೆಯುದ್ದಕ್ಕೂ ಮಾಪಕ ತುಂಬಿಯೇ ಇರುತ್ತದೆ. ಬಿಸಿಲನ್ನು ಹುಡುಕಿ ಹೋಗುವ ಆಟ ಬಿಸಿಲಿನಲ್ಲಿ ಮುಳುಗಿಹೋಗುತ್ತದೆ. ಮೂಲದ ಸಂಖ್ಯೆಗೆ ನಿಷ್ಠೆಯೋ, ಮೂಲದ ಅನುಭವಕ್ಕೆ ನಿಷ್ಠೆಯೋ ಎಂಬ ಅನುವಾದಕನ ಹಳೆಯ ಇಕ್ಕಟ್ಟು ಇಲ್ಲಿಯೂ ಇದೆ. ಸೂರ್ಯ ಅಪರೂಪವಾದ ನಾಡಿನಲ್ಲಿ ಬಿಸಿಲು ಬಯಕೆಯ ವಸ್ತು. ಕರ್ನೂಲು ಸೀಮೆಯ ಬೇಸಗೆಯಲ್ಲಿ ಬಯಕೆಯ ವಸ್ತು ನೆರಳು.

ಇನ್ನೊಂದು ಇಕ್ಕಟ್ಟು ತಂತಿಯ ಉದ್ದದ್ದು. ಲ್ಯಾಪ್‌ಟಾಪಿನ ಪರದೆ ಬಿಸಿಲಿನಲ್ಲಿ ಕಾಣುವುದಿಲ್ಲ; ಯಂತ್ರಕ್ಕೆ ಕಾವೂ ಒಳ್ಳೆಯದಲ್ಲ. ಹೀಗಾಗಿ ಆಟಗಾರ ಒಳಗೆ ಕುಳಿತು, ಉದ್ದನೆಯ ತಂತಿಯಿಂದ ಎಲ್‌ಡಿಆರ್ ಒಂದನ್ನೇ ಕಿಟಕಿಯಾಚೆ ಬಿಡುವುದು ಸಹಜ. ಆಗ ಮೋಡ ಬಂದರೆ ಜಾಂಗೊ ಬಳಲುತ್ತಾನೆ, ಸಂಜೆಯಾದರೆ ಕತ್ತಲಾಗುತ್ತದೆ. ಕಾಯುವಿಕೆ ಮರಳಿ ಬಂದಿತು, ಹೊತ್ತಿನ ಲೆಕ್ಕ ಮರಳಿ ಬಂದಿತು. ಆದರೆ ಎದ್ದು ಹೊರಗೆ ಹೋಗುವ ದೇಹ ಮರಳಿ ಬರಲಿಲ್ಲ. ಬಿಸಿಲೇ ಒಳಗೆ ಬಂದಿತು. ಇದನ್ನೂ ಬಯಸುವವರಿಗೆ ಮೊಬೈಲಿನ ದಾರಿಯಿದೆ. ರೆಟ್ರೋಆರ್ಚ್ ಎಂಬ ತಂತ್ರಾಂಶದ ಮೂಲಕ ಎಂ-ಜಿಬಿಎಯನ್ನು ನಡೆಸಿದರೆ, ಸಾಧನದಲ್ಲಿ ಬೆಳಕಿನ ಸಂವೇದಕವಿದ್ದಲ್ಲಿ ಅದನ್ನೇ ಆಟದ ಸೂರ್ಯನಾಗಿ ಆಯ್ದುಕೊಳ್ಳಬಹುದು. ಆಗ ಆಟಗಾರ ಮತ್ತೆ ಬಯಲಿಗೆ ನಡೆಯಬೇಕಾಗುತ್ತದೆ. ಆದರೆ ಬಿಸಿಲಿಗೆ ತಕ್ಕ ರೆಸಿಸ್ಟರನ್ನು ತಾನೇ ಆರಿಸುವ ಸ್ವಾತಂತ್ರ್ಯ ಅಲ್ಲಿಲ್ಲ. ಮೊಬೈಲಿನ ಸಂವೇದಕವನ್ನು ಮಾಡಿದ್ದು ಪರದೆಯ ಪ್ರಕಾಶವನ್ನು ಕಣ್ಣಿಗೆ ಹೊಂದಿಸುವುದಕ್ಕಾಗಿ. ಅದು ಬಲ್ಲದ್ದು ಬೆಳಕನ್ನು.

ಯಾವ ದಾರಿಯಲ್ಲಿಯೂ ಮೂಲ ಪೂರ್ತಿಯಾಗಿ ಮರಳುವುದಿಲ್ಲ. ಆದರೆ ಪ್ರತಿಯೊಂದು ದಾರಿಯೂ ಮೂಲದಲ್ಲಿ ಏನಿತ್ತು ಎಂಬುದನ್ನು ಹೆಚ್ಚು ನಿಖರವಾಗಿ ತಿಳಿಸುತ್ತದೆ. ಕೀಲಿ ಒತ್ತಿ ಬಿಸಿಲು ತರಿಸಿಕೊಂಡವನಿಗೆ ಸಂವೇದಕ ಒಂದು ಅಲಂಕಾರವಾಗಿ ಕಂಡೀತು. ಎಲ್‌ಡಿಆರ್ ಕಟ್ಟಿ, ಸಂಖ್ಯೆಗಳನ್ನು ಬರೆದು, ಹತ್ತನೆಯ ಮೆಟ್ಟಿಲನ್ನು ಎಲ್ಲಿಡಲಿ ಎಂದು ಯೋಚಿಸಿದವನಿಗೆ ಆಟದ ಅರ್ಥ ಅದರ ಮೇಲೆಯೇ ನಿಂತಿತ್ತೆಂಬುದು ಗೊತ್ತಾಗುತ್ತದೆ. ಜಾನಪದ ಪದವೊಂದನ್ನು ಸಂಪಾದಿಸುವ ವಿದ್ಯಾರ್ಥಿ ಹಾಡಿದವರ ಸಾಲುಗಳ ಜೊತೆಗೆ ಅವರ ಕೈ ಆಗ ಯಾವ ಕೆಲಸದಲ್ಲಿತ್ತು, ಹೊತ್ತು ಯಾವುದಾಗಿತ್ತು, ಎಲ್ಲಿ ಉಸಿರು ನಿಂತಿತು ಎಂಬುದನ್ನೂ ಬರೆದಿಟ್ಟರೆ, ಅವನೂ ಇದೇ ಕೆಲಸವನ್ನು ಮಾಡುತ್ತಿರುತ್ತಾನೆ. ಮುಂದೆ ಯಾರಾದರೂ ಆ ಪದವನ್ನು ಬಯಲಿಗೆ ತರಬೇಕೆಂದಾಗ ಅವರಿಗೆ ಬೇಕಾಗುವುದು ಆ ಟಿಪ್ಪಣಿಯೇ.